ಸ್ಕ್ಯಾನ್ ನಾರ್ಮಲ್ ಅಂತೆ, ಮತ್ತೆಂತ ನಿದ್ದೆ ಬಾರದ್ದು!

ಇವತ್ತು ಬದಿಯಡ್ಕದಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಗೆ ಕುಳಿತ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ತೀರ್ಪು ಕೊಟ್ಟೇಬಿಟ್ಟರು: "ಸ್ಕ್ಯಾನಲ್ಲಿ ಎಂತದೂ ಇಲ್ಲಲ್ಲ ಮಾರಾಯ, ಮತ್ತೆ ನಿದ್ದೆ ಬಾರದಿರಲಿಕ್ಕೆ ಎಂತ ಉಂಟು? ಎಲ್ಲ ನಿನ್ನ ಮನಸ್ಸಿನದ್ದು."

ಮಳೆಗಾಲದ ಕೊನೆಗೆ ನಾನು ಅಂಗಳದ ಪಾಚಿಯಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು, ಆದರೆ ನಿದ್ದೆ ಇನ್ನೂ ಸರಿಯಾಗಿಲ್ಲ. ನನ್ನ ಸಿಟ್ಟು ಈ ಸ್ಕ್ಯಾನ್ ವಾದದ ಮೇಲೆ.

ಸಿಟಿ ಸ್ಕ್ಯಾನಲ್ಲಿ ನೋಡುವುದು ತಲೆಯೊಳಗೆ ರಕ್ತ ಸೋರಿದೆಯಾ, ಎಲುಬು ಬಿರಿದಿದೆಯಾ ಅಂತ. ಕನ್‌ಕಶನ್ ಅದರಲ್ಲಿ ಕಾಣುವಂಥದ್ದಲ್ಲ. ಕನ್‌ಕಶನ್ ಅಂದರೆ ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು. ಒಡೆದದ್ದು, ಹರಿದದ್ದು ಇಲ್ಲದಿದ್ದರೆ ಚಿತ್ರದಲ್ಲಿ ಎಂತ ಬರಬೇಕು? ತಲೆನೋವು, ಬೆಳಕು ಕಂಡರಾಗದ್ದು, ನಿದ್ದೆ ಕೆಡುವುದು, ಸುಮ್ನೆ ಹೆದರಿಕೆ, ಎಲ್ಲ ಅದರದ್ದೇ ಲಕ್ಷಣ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಯಾಗುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ನಾನು ಎರಡನೇ ಪಾರ್ಟಿ.

ಚಿಕ್ಕಂದಿನಿಂದ ಕುಂಬಳೆ ಬೆಡಿ (ದೇವಸ್ಥಾನದ ಜಾತ್ರೆಯ ಸುಡುಮದ್ದು) ತಪ್ಪಿಸಿದವನಲ್ಲ. ಈ ವರ್ಷ ಕಿವಿಗೆ ಹತ್ತಿ ಇಟ್ಟು ಮನೆಯಲ್ಲೇ ಕುಳಿತೆ. ರಾತ್ರಿ ಮಾಡಿನ ಮೇಲೆ ಅಡಿಕೆ ಹಾಳೆ ಬಿದ್ದರೂ ಬೆಚ್ಚಿ ಏಳುತ್ತೇನೆ, ಎದೆ ಡವಡವ. ಮತ್ತೆ ಲೆಕ್ಕ ಶುರು. ನಿದ್ದೆ ಆಗದಿದ್ದರೆ ನಾಳೆ ತಲೆನೋವು, ತಲೆನೋವು ಬಂದರೆ ಹೆದರಿಕೆ, ಹೆದರಿದರೆ ನಿದ್ದೆ ಎಲ್ಲಿಂದ? ಒಂದು ರಾತ್ರಿ ಹೆಂಡತಿಯನ್ನು ಎಬ್ಬಿಸಿ ಟಾರ್ಚ್ ಕೊಟ್ಟು, "ನನ್ನ ಎರಡೂ ಕಣ್ಣಿನ ಪಾಪೆ ಒಂದೇ ಸೈಜ್ ಉಂಟಾ ನೋಡು" ಎಂದೆ (ತಲೆಯೊಳಗೆ ರಕ್ತ ಸೋರಿದರೆ ಒಂದು ದೊಡ್ಡದಾಗಬಹುದು ಅಂತ ಹೆದರಿಕೆ). ಅವಳು ನೋಡಿದಳು. "ಉಂಟು, ಮಲಗಿ" ಎಂದಳು.

ಮನಸ್ಸಿನದ್ದೂ ಸ್ವಲ್ಪ ಇರಬಹುದು, ಒಪ್ಪುವ. ಹೆದರಿಕೆ ಜಾಸ್ತಿ ಇದ್ದರೆ ಗುಣವಾಗುವುದೂ ತಡ ಅಂತ ಮಂಗಳೂರಿನ ಡಾಕ್ಟರೇ ಹೇಳಿದ್ದಾರೆ. ಆದರೆ ಅವರು ಅದಕ್ಕೂ ಚಿಕಿತ್ಸೆ ಉಂಟು ಅಂದರು, ಸುಳ್ಳು ಅನ್ನಲಿಲ್ಲ. ಬಿಪಿಯೂ ಸ್ಕ್ಯಾನಲ್ಲಿ ಕಾಣುವುದಿಲ್ಲ. ಅದರ ಮಾತ್ರೆಯನ್ನು ಆ ಹಿರಿಯರು ಊಟದ ಎಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು!

ಇನ್ನೊಂದು ಪಂಗಡದವರು ಉಂಟು: "ಕತ್ತಲೆ ಕೋಣೆಯಲ್ಲಿ ಮಲಗಿ, ಅಲುಗಲೇಬೇಡಿ." ಅದು ಹಳೇ ಕ್ರಮ. ಕ್ರೀಡಾಪಟುಗಳ ತಲೆಪೆಟ್ಟಿನ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಹೇಳಿದ್ದು ಮೊದಲ ಎರಡು ದಿನ ಆರಾಮ, ಆದರೆ ಪೂರ್ತಿ ಮಲಗುವುದಲ್ಲ, ಲಕ್ಷಣ ಹೆಚ್ಚದಷ್ಟು ನಡೆದಾಟ ಆಗಲೂ ಆಗಬಹುದು, ಆಮೇಲೆ ನಿಧಾನಕ್ಕೆ ಹೆಚ್ಚಿಸುವುದು ಅಂತ. ನನಗೂ ಹೇಳಿದ್ದು ಅದನ್ನೇ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಲೇ ಹೋದರೆ, ಕೈಕಾಲು ಸೋತರೆ, ಮಂಪರು ಹೆಚ್ಚಿದರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಾಗಾಗಿ ಈಗ ಬೆಳಗ್ಗೆ ಒಂದೇ ಹೊತ್ತಿಗೆ ಏಳುತ್ತೇನೆ, ತೋಟಕ್ಕೆ ಒಂದು ಸುತ್ತು ಹೋಗುತ್ತೇನೆ. ಮಧ್ಯಾಹ್ನದ ಮೇಲೆ ಚಾ ಇಲ್ಲ (ಇದು ನಿಜವಾದ ಕಷ್ಟ). ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ. ನಿದ್ದೆ ಬಾರದಿದ್ದರೆ ಹೊರಳಾಡುವುದಿಲ್ಲ. ಎದ್ದು ಜಗಲಿಯ ಸಣ್ಣ ಬೆಳಕಲ್ಲಿ ಸುಲಿದ ಅಡಿಕೆ ಹೆಕ್ಕುತ್ತೇನೆ. ಅಡಿಕೆಯ ದರ್ಜೆ ನೋಡಿ ಪಟೋರ ಒಂದು ಕಡೆ, ಉಳ್ಳಿ ಒಂದು ಕಡೆ, ಕೋಕ ಒಂದು ಕಡೆ. ಇಷ್ಟು ಚಂದ ಹೆಕ್ಕಿದ ಅಡಿಕೆ ನಮ್ಮ ಮನೆಯಿಂದ ಇದುವರೆಗೆ ಅಂಗಡಿಗೆ ಹೋಗಿಲ್ಲ ಅಂತ ಅಮ್ಮನೇ ಹೇಳಿದರು.