ಕುದುರೆ ಎಲ್ಲಿ ಹತ್ತುತ್ತದೆ?

‘ಕುದುರೆ ಎಲ್ಲಿ ಹತ್ತುತ್ತದೆ? ಶಿಗ್ಗಾಂವಿಯಲ್ಲೋ, ಹುಬ್ಬಳ್ಳಿಯಲ್ಲೋ?’

ಕಂಡಕ್ಟರ್ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಹಾವೇರಿಯಲ್ಲಿ ಬಸ್ಸು ಹತ್ತಿದ ನಾನು ಅಜ್ಜನ ಕಾಲದ ಜೀನನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡಿದ್ದೆ. ಅದರ ಒಂದು ರಿಕಾಪು, ಅಂದರೆ ಸವಾರ ಕಾಲಿಡುವ ಕಬ್ಬಿಣದ ಉಂಗುರ, ನನ್ನ ಮೊಣಕಾಲಿಗೆ, ಇನ್ನೊಂದು ಪಕ್ಕದ ಹಿರಿಯರ ಮೊಣಕಾಲಿಗೆ ಸರದಿಯ ಮೇಲೆ ಬಡಿಯುತ್ತಿತ್ತು. ಕಂಡಕ್ಟರ್ ಜೀನನ್ನು ಒಮ್ಮೆ ಎತ್ತಿ ನೋಡಿ, ಲಗೇಜು ಚೀಟಿ ಹರಿದುಕೊಟ್ಟು ಮುಂದೆ ಹೋದರು.

ಕೊಟ್ಟ ಕುದುರೆಯನ್ನು ಏರಲರಿಯದೆ ಹಲ್ಲಣ, ಅಂದರೆ ಜೀನು, ಹೊತ್ತು ತೊಳಲುವವರ ಮಾತು ವಚನದಲ್ಲಿ ಬರುತ್ತದೆ. ನನಗೆ ಯಾರೂ ಕುದುರೆ ಕೊಟ್ಟಿರಲೇ ಇಲ್ಲ. ನೇರ ಹಲ್ಲಣಕ್ಕೇ ಬಡ್ತಿ ಸಿಕ್ಕಿತ್ತು.

ಇದಕ್ಕೆಲ್ಲ ಕಾರಣ ನನ್ನ ಬಾಯಿ. ಧಾರವಾಡದ ಕೆಲಗೇರಿ ಕೆರೆಯ ಆಚೆ ಗೆಳೆಯನೊಬ್ಬನ ಮಾವಿನ ತೋಟವಿದೆ. ಅಲ್ಲಿ ಅವನು ಹವ್ಯಾಸಕ್ಕೆಂದು ಎರಡು ಕುದುರೆ ಸಾಕಿದ್ದಾನೆ. ಅವುಗಳನ್ನು ನೋಡಿಕೊಳ್ಳುವವರು ಒಂದು ಕಾಲದಲ್ಲಿ ಧಾರವಾಡದ ಬೀದಿಗಳಲ್ಲಿ ಟಾಂಗಾ ಹೊಡೆದ ಮುದುಕರು. ಎಲ್ಲರಿಗೂ ಅವರು ಚಾಚಾ. ಒಂದು ಸಂಜೆ ಚಹಾ ಕುಡಿಯುತ್ತ, ‘ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ. ದೇವರೇ ಕುದುರೆ ಏರಿದವನು. ಅಜ್ಜ ಹೊಲಗಳಿಗೆ ಕುದುರೆಯ ಮೇಲೆಯೇ ಹೋಗುತ್ತಿದ್ದರು. ಸವಾರಿ ನನ್ನ ರಕ್ತದಲ್ಲಿದೆ’ ಎಂದುಬಿಟ್ಟೆ. ಚಾಚಾ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ‘ರಕ್ತದಲ್ಲಿದ್ದರೆ ಒಳ್ಳೆಯದು, ಬೇರೆಲ್ಲೂ ಕಾಣುವುದಿಲ್ಲ. ಭಾನುವಾರ ಬನ್ನಿ’ ಎಂದರು.

ಹೋದೆ. ಸವಾರಿ ಕಲಿಸುತ್ತಾರೆಂದುಕೊಂಡಿದ್ದರೆ ಕೈಗೆ ಖರಾರ ಕೊಟ್ಟರು. ಕುದುರೆಯ ಮೈ ಉಜ್ಜುವ ಹಲ್ಲುಹಲ್ಲಿನ ಸಾಧನ ಅದು. ‘ಬೆನ್ನಿನ ಮೇಲೆ ಒಂದು ಕಾಳು ಮರಳು ಉಳಿದರೂ ಜೀನಿನ ಕೆಳಗೆ ಅದು ಹುಣ್ಣಾಗುತ್ತದೆ. ಮೊದಲು ಉಜ್ಜಿ, ಏರುವ ಮಾತು ಆಮೇಲೆ.’

ಈಗ ಕುದುರೆಯ ಹೆಸರು ಹೇಳಬೇಕು. ಶಾರದಾ. ನಾಲ್ಕನೆಯ ತರಗತಿಯಲ್ಲಿ ನನಗೆ ಮಗ್ಗಿ ಕಲಿಸಿದ ಶಿಕ್ಷಕಿಯ ಹೆಸರೂ ಅದೇ. ಆದ್ದರಿಂದ ಈ ಕಂದು ಬಣ್ಣದ ಹೆಣ್ಣು ಕುದುರೆಯನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಇಂದಿಗೂ ಹೊರಳುವುದಿಲ್ಲ. ಶಾರದೆಯವರು ಮಾರವಾಡಿ ತಳಿಯವರು. ಕಿವಿಗಳ ತುದಿ ಒಳಕ್ಕೆ ಬಾಗಿ, ನಿಮಿರಿದಾಗ ಒಂದಕ್ಕೊಂದು ತಾಗುತ್ತವೆ. ಮೊದಲ ಸಲ ನೋಡಿದಾಗ ನಮಸ್ಕರಿಸುತ್ತಿದ್ದಾರೆ ಎಂದು ತಿಳಿದು ನಾನೂ ಕೈ ಮುಗಿದಿದ್ದೆ.

ಉಜ್ಜುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗೊರಸು. ಏರುವ ಮೊದಲು ನಾಲ್ಕೂ ಗೊರಸುಗಳನ್ನೆತ್ತಿ, ಲಾಳದೊಳಗೆ ಸಿಕ್ಕ ಮಣ್ಣು, ಕಲ್ಲನ್ನು ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದು ತೆಗೆಯಬೇಕು. ಚಾಚಾ ಹೇಳಿದಂತೆ ಭುಜದಿಂದ ಕೈ ಜಾರಿಸುತ್ತ ಕಾಲಿನ ಹಿಂಬದಿಯ ನರವನ್ನು ಮೆಲ್ಲಗೆ ಹಿಂಡಿದೆ. ಶಾರದೆಯವರು ವಿಧೇಯರಾಗಿ ಕಾಲೆತ್ತಿದರು. ಎತ್ತಿದ ಕಾಲು ನನ್ನ ಕೈಯಲ್ಲಿ ಭದ್ರವಾಗಿದೆ ಎಂದು ಖಾತ್ರಿಯಾದ ಮೇಲೆ ತಮ್ಮ 4 ಕ್ವಿಂಟಲ್ ತೂಕದಲ್ಲಿ ಒಂದು ಪಾಲನ್ನು ನನ್ನ ಮೇಲೆ ಒರಗಿಸಿ, ದೂರದ ಮಾವಿನ ಗಿಡವೊಂದನ್ನು ನೋಡುತ್ತ ನಿಂತರು. ಚಾಚಾ ಬೀಡಿ ಹಚ್ಚಿ, ‘ನಿಮ್ಮನ್ನು ಗೋಡೆ ಎಂದು ತಿಳಿದಿದ್ದಾಳೆ. ನಂಬಿಕೆ ಬಂದಿದೆ’ ಎಂದರು.

ಎರಡು ಭಾನುವಾರ ಗೋಡೆಯಾಗಿದ್ದೆ. ಮೂರನೆಯದಕ್ಕೆ ಜೀನು ಹಾಕಲು ಕಲಿಸುತ್ತೇನೆ ಎಂದಾಗ ನನಗೆ ಊರಿನ ಅಟ್ಟ ನೆನಪಾಯಿತು. ಅಲ್ಲಿ ಅಜ್ಜನ ಜೀನಿತ್ತು! ಹಾವೇರಿಗೆ ಓಡಿ, ಅಲ್ಲಿಂದ ನಮ್ಮ ಹಳ್ಳಿಗೆ ಹೋದೆ. ಜೀನು ಇತ್ತು, ಅದರ ಮೇಲೆ ಉಪ್ಪಿನಕಾಯಿಯ ಭರಣಿ ಸವಾರಿ ಮಾಡುತ್ತಿತ್ತು. ಭರಣಿಯನ್ನು ಇಳಿಸುವಾಗ ಕಾಕಾ ಒಂದೂ ಮಾತನಾಡಲಿಲ್ಲ, ಆದರೆ ನೋಟ ಸರಿಯಿರಲಿಲ್ಲ.

ಬಂಕಾಪುರ ದಾಟುವಾಗ ಹೆಂಡತಿಗೆ ಫೋನ್ ಮಾಡಿ, ‘ಅಜ್ಜನ ಜೀನು ತರುತ್ತಿದ್ದೇನೆ’ ಎಂದೆ.

‘ಅಜ್ಜ ಧೋತರ ಉಡುತ್ತಿದ್ದರಲ್ಲವೇ? ಜೀನ್ಸ್ ಯಾವಾಗ ಹಾಕಿದರು?’

ವಿವರಿಸುವಷ್ಟರಲ್ಲಿ ಸಿಗ್ನಲ್ ಹೋಯಿತು. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ವೃತ್ತ ಬಂದಾಗ ಕಣ್ಣೆತ್ತಿ ನೋಡಿದೆ. ರಾಣಿ ಖಡ್ಗ ಹಿಡಿದು ಕುದುರೆಯ ಮೇಲಿದ್ದಳು. ಕೆಳಗೆ ನಾನು, ಕುದುರೆಯೊಂದನ್ನು ಬಿಟ್ಟು ಮಿಕ್ಕ ಸಾಮಾನೆಲ್ಲ ಹೊತ್ತು, ಧಾರವಾಡಕ್ಕೆ ಹೋಗುವ, ಜಿಂಕೆಯ ಹೆಸರಿನ ಚಿಗರಿ ಬಸ್ಸಿಗೆ ಓಡುತ್ತಿದ್ದೆ. ಅದರ ಬಾಗಿಲು ತಾನಾಗಿ ಮುಚ್ಚಿಕೊಂಡಾಗ ರಿಕಾಪಿನ ಪಟ್ಟಿ ಸಿಕ್ಕಿಕೊಂಡು, ಒಂದು ನಿಲ್ದಾಣದವರೆಗೆ ಕಬ್ಬಿಣದ ಉಂಗುರ ಹೊರಗಿನಿಂದ ಬಸ್ಸನ್ನು ತಟ್ಟುತ್ತ ಬಂತು. ಚಿಗರಿಗೆ ಜೀನು ಹಾಕಿದ ಕೀರ್ತಿ ಈ ಅವಳಿ ನಗರದಲ್ಲಿ ಇನ್ನೊಬ್ಬರಿಗೆ ಇರಲಾರದು.

ಒಣಗಿದ ಚರ್ಮಕ್ಕೆ ಎಣ್ಣೆ ಕುಡಿಸಬೇಕು ಎಂಬುದು ನನಗೆ ಗೊತ್ತಿತ್ತು. ಔಡಲ ಎಣ್ಣೆಯಾಗಿದ್ದರೆ ನಡೆಯುತ್ತಿತ್ತು. ಮನೆಯಲ್ಲಿದ್ದದ್ದು ಶೇಂಗಾ ಎಣ್ಣೆ. ರಾತ್ರಿಯಿಡೀ ಅದನ್ನೇ ತಿಕ್ಕಿದೆ. ಬೆಳಿಗ್ಗೆ ತೋಟದ ದಾರಿಯಲ್ಲಿ ಎರಡು ನಾಯಿಗಳು ನನ್ನ ಹಿಂದೆ ಭಕ್ತಿಯಿಂದ ನಡೆದು ಬಂದವು. ಚಾಚಾ ಜೀನನ್ನು ಮೂಸಿ ಕೇಳಿದರು: ‘ಇದರಲ್ಲಿ ಮಿರ್ಚಿ ಕರಿದಿರಾ?’

ಆಮೇಲೆ ಅವರು ಜೀನನ್ನು ಮಗುಚಿ, ಎರಡೂ ತುದಿ ಹಿಡಿದು ಒತ್ತಿದರು. ಒಳಗಿನ ಮರದ ಚೌಕಟ್ಟು ಕಿರ್ರೆಂದಿತು. ತಂಗು, ಅಂದರೆ ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ, ಅದನ್ನು ಕಟ್ಟುವ ಚರ್ಮವನ್ನು ಮಡಚಿದರು. ಮಡಿಕೆಯುದ್ದಕ್ಕೂ ಸುಟ್ಟ ಹಪ್ಪಳದಂಥ ಬಿರುಕುಗಳೆದ್ದವು. ಒಮ್ಮೆ ಜಗ್ಗಿದರು. ಪಟ್ಟಿ ಅವರ ಕೈಯಲ್ಲಿ, ವಂಶದ ಮಾನ ನನ್ನ ಕೈಯಲ್ಲಿ ಉಳಿಯಿತು. ‘ಚೌಕಟ್ಟು ಮುರಿದ ಜೀನು ಬೆನ್ನಿನ ಮೂಳೆಗೇ ಒತ್ತುತ್ತದೆ. ಇದನ್ನು ನನ್ನ ಮಗಳಿಗೆ ಹಾಕುವುದಿಲ್ಲ’ ಎಂದು ತೋಟದ ಜೀನನ್ನೇ ತಂದರು.

ಮೊದಲು ಕಡಿವಾಣ. ಅದನ್ನು ಬಾಯಿಗೆ ಕೊಡುವಾಗ ಶಾರದೆಯವರು ಹಲ್ಲು ಕಚ್ಚಿಕೊಂಡು ನಿಂತರು. ಬಾಯಿಯ ಮೂಲೆಗೆ ಹೆಬ್ಬೆರಳು ತೂರಿಸಬೇಕಂತೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ; ಕಡಿವಾಣ ಕೂರುವುದೂ ಅಲ್ಲಿಯೇ. ನಾನು ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡೆ. ಮೂವತ್ತು ವರ್ಷ ಕಚೇರಿಯಲ್ಲಿ ಸಹಿ ಮಾಡಿದ ಬೆರಳು. ಕಣ್ಣು ಮುಚ್ಚಿ ತೂರಿಸಿದೆ. ಬಿಸಿಯಾದ, ಜಾರುವ, ನಿಜಕ್ಕೂ ಹಲ್ಲಿಲ್ಲದ ಒಸಡು. ಬಾಯಿ ತೆರೆಯಿತು. ಬೆರಳು ಹಸಿರು ಜೊಲ್ಲಿನೊಂದಿಗೆ ಮರಳಿ ಬಂತು.

ಜೀನು ಹಾಕುವುದು ಎಡಗಡೆಯಿಂದ. ಹಿಂದೆ ಸೈನಿಕರ ಸೊಂಟದ ಎಡಕ್ಕೆ ಖಡ್ಗ ತೂಗುತ್ತಿದ್ದುದರಿಂದ ಎಡಗಡೆಯಿಂದ ಏರುವುದೇ ರೂಢಿಯಾಯಿತಂತೆ. ಮೊದಲು ಗಾದಿ, ಅದನ್ನು ಹೆಗಲಿನ ಉಬ್ಬಿನ ಮೇಲೆ ತುಸು ಮುಂದಿಟ್ಟು ಹಿಂದಕ್ಕೆ ಜಾರಿಸಬೇಕು. ಮುಂದಕ್ಕೆ ಎಳೆದರೆ ಕೂದಲು ಎದುರು ನಿಲ್ಲುತ್ತದೆ. ಅದರ ಮೇಲೆ ಜೀನನ್ನು ಧೊಪ್ಪನೆ ಎಸೆಯದೆ ಮೆಲ್ಲಗಿಟ್ಟು, ತಂಗನ್ನು ಬಿಗಿಯಬೇಕು. ನಾನು ಬಿಗಿದೆ. ಮೂರನೆಯ ತೂತಿಗೆ ಕೊಕ್ಕೆ ಸಿಕ್ಕಿತು. ‘ನಾಲ್ಕು ಹೆಜ್ಜೆ ನಡೆಸಿ, ಮತ್ತೊಮ್ಮೆ ಬಿಗಿಯಿರಿ’ ಎಂದು ಹೇಳಿ ಚಾಚಾ ನೀರಿನ ಬಕೆಟ್ ತರಲು ಹೋದರು.

ಮತ್ತೊಮ್ಮೆ ಏಕೆ? ನಾನು ಎರಡು ಬೆರಳು ತೂರಿಸಿ ನೋಡಿದೆ, ಒಂದೂ ಹೋಗಲಿಲ್ಲ. ಅಷ್ಟು ಬಿಗಿಯಿದೆ! ಪಾಪ, ಹೆಂಗಸರಿಗೆ ಉಸಿರು ಕಟ್ಟಬಾರದು ಎಂದು ಬಿಟ್ಟೆ. ಎಡಗಾಲನ್ನು ರಿಕಾಪಿಗೆ ಇಟ್ಟೆ. ‘ಏಳುಕೋಟಿಗೋ’ ಎಂದು ಮನೆದೇವರನ್ನು ನೆನೆದು ಮೇಲಕ್ಕೆ ಜಿಗಿದೆ.

ಅದೇ ಕ್ಷಣಕ್ಕೆ ಶಾರದೆಯವರು ಉಸಿರು ಬಿಟ್ಟರು.

ತಂಗು ಬಿಗಿಯುವಾಗ ಹೊಟ್ಟೆ ಉಬ್ಬಿಸಿ ನಿಲ್ಲುವುದು ಕುದುರೆಗಳ ಹಳೆಯ ಚಾಳಿ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ತಿಳಿದದ್ದು ಇಷ್ಟೇ: ಜೀನು ತನ್ನ ಸವಾರನೊಂದಿಗೆ ಬೆನ್ನಿನಿಂದ ಪಕ್ಕಕ್ಕೆ, ಪಕ್ಕದಿಂದ ಹೊಟ್ಟೆಯ ಕಡೆಗೆ, ಯಾವ ಅವಸರವೂ ಇಲ್ಲದೆ ತಿರುಗುತ್ತಿದೆ. ಆಕಾಶ ಹೋಯಿತು, ಮಾವಿನ ಗಿಡ ಹೋಯಿತು, ಕಂದು ಬಣ್ಣದ ಹೊಟ್ಟೆ ಬಂತು. ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡೆ. ಸಿಕ್ಕಿದ್ದು ಕೊರಳು. ಹಾವೇರಿಯ ಏಲಕ್ಕಿ ಮಾಲೆಯಂತೆ ಶಾರದೆಯವರ ಕೊರಳಿಗೆ ಜೋತುಬಿದ್ದೆ. ಮಾಲೆ ಹಾಕಿಸಿಕೊಂಡ ಮುಖ್ಯ ಅತಿಥಿಯ ಗಾಂಭೀರ್ಯದಿಂದ ಅವರು ಕದಲದೆ ನಿಂತರು. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು. ಏಳರ ಮಗ್ಗಿಯಲ್ಲಿ ತಪ್ಪಿದಾಗಲೂ ಶಿಕ್ಷಕಿ ಹೀಗೆಯೇ ಸುಮ್ಮನೆ ನಿಲ್ಲುತ್ತಿದ್ದರು.

ಬಕೆಟ್ ಹಿಡಿದು ಬಂದ ಚಾಚಾ ಮೊದಲು ಕುದುರೆಯ ಮೈ ಸವರಿ ನೋಡಿದರು. ಆಮೇಲೆ ನನ್ನ ಕಾಲನ್ನು ರಿಕಾಪಿನಿಂದ ಬಿಡಿಸಿದರು. ‘ಗೋಡೆ ಬಿದ್ದಿತೇ?’ ಎಂದಷ್ಟೇ ಕೇಳಿದರು.

ಆ ರಾತ್ರಿ ಸೊಂಟಕ್ಕೆ ಹೆಂಡತಿ ತಿಕ್ಕಿದ್ದೂ ಶೇಂಗಾ ಎಣ್ಣೆಯೇ. ಜೀನಿಗೆ ಬಳಸಿ ಉಳಿದದ್ದು. ಬೆಳಿಗ್ಗೆ ಊರಿನಿಂದ ಕಾಕಾನ ಫೋನ್ ಬಂತು. ಸವಾರಿ ಹೇಗಾಯಿತು ಎಂದು ಅವರು ಕೇಳಲಿಲ್ಲ. ಅಟ್ಟದ ಹಲಗೆ ಓರೆಯಂತೆ, ಜೀನಿಲ್ಲದೆ ಭರಣಿ ನೆಟ್ಟಗೆ ಕೂರುತ್ತಿಲ್ಲವಂತೆ, ಈ ವಾರದೊಳಗೆ ತಂದುಕೊಡಬೇಕಂತೆ.

ಹೊರಟೆ. ಹುಬ್ಬಳ್ಳಿಯಲ್ಲಿ ಹಾವೇರಿಯ ಬಸ್ಸು ಹತ್ತಿದೆ. ಅದೇ ಕಂಡಕ್ಟರ್. ಜೀನನ್ನು ನೋಡಿದರು, ಕಿತ್ತುಹೋದ ಪಟ್ಟಿಯನ್ನು ನೋಡಿದರು, ಸೊಂಟ ಹಿಡಿದು ಓರೆಯಾಗಿ ಕುಳಿತ ನನ್ನನ್ನು ನೋಡಿದರು. ಲಗೇಜು ಚೀಟಿಯನ್ನು ಕೈಗಿಟ್ಟು, ಪಕ್ಕದ ಆಸನದವರಿಗೆ ಹೇಳಿದರು:

‘ಸ್ವಲ್ಪ ಸರಿದು ಕುಳಿತುಕೊಳ್ಳಿ. ಇವರಿಗೆ ಕುದುರೆ ಸಿಕ್ಕಿದಂತಿದೆ.’