ಬಾರ್ಬಾರೊ ಬದುಕಿದ ಎಂಟು ತಿಂಗಳು

2006ರ ಮೇ 20ರಂದು ಅಮೆರಿಕದ ಬಾಲ್ಟಿಮೋರ್ ನಗರದ ಪಿಮ್ಲಿಕೊ ರೇಸ್‌ಕೋರ್ಸಿನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನರ ಕಣ್ಣೆದುರು, ಬಾರ್ಬಾರೊ ಎಂಬ ಮೂರು ವರ್ಷದ ಗಂಡು ಕುದುರೆ ಓಟ ಶುರುವಾದ ಕೆಲವೇ ಕ್ಷಣಗಳಲ್ಲಿ ತನ್ನ ಬಲ ಹಿಂಗಾಲನ್ನು ಮುರಿದುಕೊಂಡಿತು. ಅದಕ್ಕೆ ಸರಿಯಾಗಿ ಎರಡು ವಾರ ಮೊದಲು ಅದೇ ಕುದುರೆ ಕೆಂಟಕಿ ಡರ್ಬಿ ಎಂಬ ದೊಡ್ಡ ಓಟವನ್ನು ಆರೂವರೆ ಲೆಂತ್‌ಗಳ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದಿತ್ತು, ಮತ್ತು ಅಲ್ಲಿಯವರೆಗೆ ಓಡಿದ ಆರು ಓಟಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಡರ್ಬಿ, ಪಿಮ್ಲಿಕೊದ ಈ ಓಟ ಮತ್ತು ಇನ್ನೊಂದು, ಹೀಗೆ ಮೂರನ್ನೂ ಒಂದೇ ವರ್ಷ ಗೆದ್ದ ಕುದುರೆಗೆ ಸಿಗುವ, 1978ರ ನಂತರ ಯಾವ ಕುದುರೆಗೂ ದಕ್ಕದಿದ್ದ ಟ್ರಿಪಲ್ ಕ್ರೌನ್ ಈ ಬಾರಿ ದಕ್ಕೀತೆಂಬ ನಿರೀಕ್ಷೆಯಲ್ಲಿ ಬಂದಿದ್ದ ಜನ, ಗೆಲ್ಲುವ ಕುದುರೆಯತ್ತ ನೋಡುವುದನ್ನು ಬಿಟ್ಟು, ಗ್ಯಾಲರಿಯ ಮುಂದೆಯೇ ಮೂರು ಕಾಲಿನ ಮೇಲೆ ನಿಂತಿದ್ದ ಈ ಕುದುರೆಯನ್ನು ನೋಡುತ್ತ ಅತ್ತರು.

ಪೆರು ದೇಶದಿಂದ ಬಂದ ಜಾಕಿ ಎಡ್ಗರ್ ಪ್ರಾಡೊ ಹೆಜ್ಜೆ ತಪ್ಪಿದ್ದು ಅರಿವಾದ ಕೂಡಲೇ ಲಗಾಮು ಬಿಗಿಹಿಡಿದು ಅದನ್ನು ನಿಲ್ಲಿಸಿ, ಕೆಳಗಿಳಿದು, ತಮ್ಮ ಭುಜವನ್ನು ಅದರ ಮೈಗೆ ಆನಿಸಿ ನಿಂತರು. ಇದು ಸಣ್ಣ ಕೆಲಸವಲ್ಲ. ಕುದುರೆ ಹಿಂಡಿನ ಪ್ರಾಣಿ. ಬೇಟೆಗೆ ಈಡಾಗುವ ಪ್ರಾಣಿಗಳ ಸ್ವಭಾವದಂತೆ, ಜೊತೆಯವು ಓಡುತ್ತಿರುವಾಗ ಮುರಿದ ಕಾಲಿನ ಮೇಲೂ ಓಡಲು ನೋಡುತ್ತದೆ. ಆ ಕ್ಷಣದಲ್ಲಿ ಅದನ್ನು ಅದರ ಸ್ವಭಾವದಿಂದಲೇ ಕಾಪಾಡಬೇಕಾದವನು ಬೆನ್ನ ಮೇಲಿರುವ ಮನುಷ್ಯ. ಮನುಷ್ಯ ಮತ್ತು ಪ್ರಾಣಿಯ ನಂಟಿನ ಬಗ್ಗೆ ಬಾರ್ಬಾರೊನ ಹೆಸರಿನಲ್ಲಿ ಬಂದ ಸಾವಿರಾರು ಭಾವುಕ ಮಾತುಗಳಿಗಿಂತ ಪ್ರಾಡೊ ಅವರ ಆ ಭುಜವೇ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಕಾಲು ಮುರಿದ ಕುದುರೆಯನ್ನು ಏಕೆ ಕೊಲ್ಲುತ್ತಾರೆ, ಮನುಷ್ಯರಿಗೆ ಹಾಕುವಂತೆ ಕಟ್ಟು ಹಾಕಿ ಮಲಗಿಸಿದರಾಗದೇ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ಕುದುರೆಯ ಕಾಲಿನ ಕೆಳಭಾಗದಲ್ಲಿ ಮಾಂಸವೇ ಇಲ್ಲ. ಎಲುಬು, ಅದನ್ನು ಬಿಗಿದಿಟ್ಟ ಸ್ನಾಯುರಜ್ಜುಗಳು, ಮೇಲೊಂದು ತೆಳುವಾದ ಚರ್ಮ, ಇಷ್ಟೆ. ಸುಮಾರು ಐನೂರು ಕಿಲೋ ತೂಗುವ ದೇಹ ಓಟದ ವೇಗದಲ್ಲಿರುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಒಂದೇ ಕಾಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ. ಅಲ್ಲಿ ಮುರಿದ ಎಲುಬು ಒಂದೇ ಗೆರೆಯಲ್ಲಿ ಸೀಳದೆ ಪುಡಿಯಾಗುವುದು ಸಾಮಾನ್ಯ, ಮತ್ತು ಆ ತೆಳು ಚರ್ಮ ಹರಿದರೆ ಸೋಂಕು ತಗಲುವುದು ಬಹುತೇಕ ಖಚಿತ. ಇನ್ನು ಮಲಗಿಸುವ ಮಾತು: ಕುದುರೆ ಬಹಳ ಹೊತ್ತು ಮಲಗಿದರೆ ಅದರ ತೂಕವೇ ಅದರ ಶ್ವಾಸಕೋಶವನ್ನೂ ಮಾಂಸಖಂಡಗಳನ್ನೂ ಹಾಳುಮಾಡುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ. ಹಾಗೆಂದು ಮೂರು ಕಾಲಿನ ಮೇಲೆ ನಿಂತೇ ಇದ್ದರೆ, ಹೆಚ್ಚಿನ ಭಾರ ಹೊತ್ತ ಒಳ್ಳೆಯ ಕಾಲಿನ ಗೊರಸಿನೊಳಗೆ ಎಲುಬನ್ನೂ ಗೊರಸಿನ ಗೋಡೆಯನ್ನೂ ಬೆಸೆದಿಟ್ಟ ಸೂಕ್ಷ್ಮ ಪದರಗಳು ರಕ್ತವಿಲ್ಲದೆ ಬಿಟ್ಟುಕೊಳ್ಳತೊಡಗುತ್ತವೆ. ಲ್ಯಾಮಿನೈಟಿಸ್ ಎಂದು ಕರೆಯುವ ಈ ಕಾಯಿಲೆಯ ನೋವು ಮುರಿದ ಎಲುಬಿನ ನೋವಿಗಿಂತ ಭೀಕರವಾಗಿರಬಹುದು. ಮುರಿದ ಕಾಲನ್ನು ಜೋಡಿಸುವುದರಲ್ಲಿ ಗೆದ್ದ ವೈದ್ಯರು ಮುರಿಯದ ಕಾಲಿನಲ್ಲಿ ಸೋಲುವುದು ಹೀಗೆ.

ಬಾರ್ಬಾರೊನನ್ನು ಅದೇ ರಾತ್ರಿ ಪೊಲೀಸ್ ಬೆಂಗಾವಲಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್ ಪಶು ಆಸ್ಪತ್ರೆಗೆ ಸಾಗಿಸಿದರು. ಗೊರಸಿನ ಮೇಲಿನ ಗಂಟು ಜಾರಿತ್ತು, ಅದರ ಮೇಲಿನ ನಳಿಗೆಯ ಎಲುಬು ಮುರಿದಿತ್ತು, ಕೆಳಗಿನ ಎಲುಬು ಇಪ್ಪತ್ತಕ್ಕೂ ಹೆಚ್ಚು ಚೂರುಗಳಾಗಿತ್ತು. ಮರುದಿನ ಡಾ. ಡೀನ್ ರಿಚರ್ಡ್‌ಸನ್ ಐದು ಗಂಟೆಗೂ ಹೆಚ್ಚು ಕಾಲ ಶಸ್ತ್ರಚಿಕಿತ್ಸೆ ನಡೆಸಿ, ಒಂದು ಲೋಹದ ಪಟ್ಟಿ ಮತ್ತು 27 ಸ್ಕ್ರೂಗಳಿಂದ ಆ ಚೂರುಗಳನ್ನು ಹಿಡಿದು ನಿಲ್ಲಿಸಿದರು. ಅಷ್ಟಾದ ಮೇಲೂ ಕುದುರೆ ಉಳಿಯುವ ಸಾಧ್ಯತೆ ನಾಣ್ಯ ಚಿಮ್ಮಿದಷ್ಟೇ ಎಂದು ಅವರು ಪತ್ರಕರ್ತರಿಗೆ ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆಗಾಗಿಯೇ ನನಗೆ ಅವರ ಮೇಲೆ ಗೌರವ.

ಅರಿವಳಿಕೆ ಇಳಿದು ಎಚ್ಚರವಾಗುವ ಹೊತ್ತು ಕುದುರೆಗೆ ಅತ್ಯಂತ ಅಪಾಯಕಾರಿ. 1975ರ ಜುಲೈನಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆ ಬೆಲ್ಮಾಂಟ್ ಪಾರ್ಕಿನಲ್ಲಿ ಮುಂಗಾಲು ಮುರಿದುಕೊಂಡಾಗ ವೈದ್ಯರು ಇಡೀ ರಾತ್ರಿ ಶ್ರಮಿಸಿದ್ದರು. ಎಚ್ಚರವಾಗುತ್ತಲೇ ಅದು ಇನ್ನೂ ಓಡುತ್ತಿರುವಂತೆ ಕಾಲುಗಳನ್ನು ಒದ್ದಾಡಿಸಿ ಕಟ್ಟಿದ್ದನ್ನೆಲ್ಲ ಮತ್ತೆ ಮುರಿದುಕೊಂಡಿತು, ಬೆಳಗಾಗುವಷ್ಟರಲ್ಲಿ ಅದಕ್ಕೆ ಸಾವಿನ ಚುಚ್ಚುಮದ್ದು ಕೊಡಬೇಕಾಯಿತು. ನ್ಯೂ ಬೋಲ್ಟನ್‌ನಲ್ಲಿ ಅರಿವಳಿಕೆಯಲ್ಲಿರುವ ಕುದುರೆಯನ್ನು ರಬ್ಬರಿನ ತೆಪ್ಪದೊಳಗೆ ತೂಗಿ ಬೆಚ್ಚಗಿನ ನೀರಿನ ಕೊಳಕ್ಕಿಳಿಸುತ್ತಾರೆ. ಎಚ್ಚರವಾದಾಗ ಎಷ್ಟು ಒದ್ದರೂ ಕಾಲಿಗೆ ಸಿಗುವುದು ನೀರು ಮಾತ್ರ. ಬಾರ್ಬಾರೊ ಹಾಗೆ ಎಚ್ಚರಗೊಂಡು, ತನ್ನ ಲಾಯಕ್ಕೆ ಮರಳಿ, ಮೇವು ತಿಂದಿತು.

ಮುಂದಿನ ಎಂಟು ತಿಂಗಳು ಅಮೆರಿಕದ ಪತ್ರಿಕೆಗಳಲ್ಲಿ ಒಂದು ಕುದುರೆಯ ಆರೋಗ್ಯದ ಪ್ರಕಟಣೆಗಳು ಬರುತ್ತಲೇ ಇದ್ದವು. ಆಸ್ಪತ್ರೆಗೆ ಹೂಗುಚ್ಛ, ಶುಭ ಹಾರೈಕೆಯ ಕಾರ್ಡು, ಗಜ್ಜರಿ, ಸೇಬು ರಾಶಿರಾಶಿಯಾಗಿ ಬಂದವು. ಇದನ್ನು ಗೇಲಿ ಮಾಡಿದವರೂ ಇದ್ದರು: ಮನುಷ್ಯರು ಚಿಕಿತ್ಸೆಯಿಲ್ಲದೆ ಸಾಯುತ್ತಿರುವಾಗ ಕುದುರೆಗೆ ಇಷ್ಟೇಕೆ ಎಂದು. ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಕುದುರೆಗೆ ಗಜ್ಜರಿ ಕಳಿಸಿದವರು ಕಳಿಸದೇ ಇದ್ದಿದ್ದರೆ ಆ ದುಡ್ಡು ಬಡವರ ಆಸ್ಪತ್ರೆಗೆ ಹೋಗುತ್ತಿತ್ತೆಂದು ನಂಬಲು ಯಾವ ಕಾರಣವೂ ಇಲ್ಲ. ನನ್ನ ತಕರಾರು ಬೇರೆ. ಆ ಪ್ರೀತಿಯಲ್ಲಿ ಬಹುಪಾಲು ನಮ್ಮ ಕಥೆಯ ಹಸಿವಿಗೆ ಸಂಬಂಧಿಸಿದ್ದು. ಧೀರ ಕುದುರೆ ಸಾವಿನೊಂದಿಗೆ ಹೋರಾಡುತ್ತಿದೆ ಎಂದು ಎಲ್ಲರೂ ಬರೆದರು. ಕುದುರೆಗೆ ಆರು ತಿಂಗಳ ನಂತರದ ಹುಲ್ಲುಗಾವಲಿನ ಕಲ್ಪನೆಯಿಲ್ಲ, ಇಂದಿನ ನೋವನ್ನು ನಾಳೆಯ ಆಸೆಯಲ್ಲಿ ಸಹಿಸಿಕೊಳ್ಳುವ ಉಪಾಯವೂ ಅದಕ್ಕೆ ತಿಳಿಯದು. ಹೋರಾಡುತ್ತಿದ್ದವರು ಮನುಷ್ಯರು, ಹೋರಾಟ ನಡೆಯುತ್ತಿದ್ದ ಜಾಗ ಅದರ ಮೈ.

ಹಾಗಾಗಿಯೇ ಮಾಲೀಕರಾದ ರಾಯ್ ಮತ್ತು ಗ್ರೆಚೆನ್ ಜಾಕ್ಸನ್ ದಂಪತಿ, ತರಬೇತುದಾರ ಮೈಕೆಲ್ ಮಾಟ್ಜ್ ಮತ್ತು ವೈದ್ಯರು ಹಾಕಿಕೊಂಡ ಒಂದೇ ನಿಯಮ ಇಲ್ಲಿ ಮುಖ್ಯವಾಗುತ್ತದೆ: ಕುದುರೆ ನೆಮ್ಮದಿಯಾಗಿರುವವರೆಗೆ ಚಿಕಿತ್ಸೆ, ನೆಮ್ಮದಿ ತಪ್ಪಿದರೆ ಅಲ್ಲಿಗೆ ನಿಲುಗಡೆ. (ಮಾಟ್ಜ್ 1989ರಲ್ಲಿ ಅಯೋವಾದ ಸಿಯೂ ಸಿಟಿಯಲ್ಲಿ ನಡೆದ ವಿಮಾನ ದುರಂತದಲ್ಲಿ ಬದುಕುಳಿದು, ತಮ್ಮೊಂದಿಗೆ ಮೂವರು ಮಕ್ಕಳನ್ನೂ ಹೊರಗೆ ಕರೆತಂದವರು, ಬದುಕು ಉಳಿಯುವುದೂ ಅಳಿಯುವುದೂ ಎಷ್ಟು ಹತ್ತಿರ ಹತ್ತಿರ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.) ಜುಲೈನಲ್ಲಿ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ತಗುಲಿ ಗೊರಸಿನ ಗೋಡೆಯ ಶೇ. 80ರಷ್ಟನ್ನು ಕತ್ತರಿಸಿ ತೆಗೆಯಬೇಕಾದಾಗ ಎಲ್ಲವೂ ಮುಗಿಯಿತೆಂದೇ ಬಹಳ ಜನ ಎಣಿಸಿದ್ದರು. ಆದರೆ ಕುದುರೆ ತಿನ್ನುತ್ತಿತ್ತು, ಮಲಗಿ ಏಳುತ್ತಿತ್ತು, ಕಣ್ಣಿನಲ್ಲಿ ಚುರುಕಿತ್ತು. ಆಗಸ್ಟಿನಿಂದ ರಿಚರ್ಡ್‌ಸನ್ ತಾವೇ ಅದನ್ನು ಹೊರಗೆ ನಡೆಸಿಕೊಂಡು ಹೋಗಿ ಹುಲ್ಲು ಮೇಯಿಸುತ್ತಿದ್ದರು. ನವೆಂಬರಿನಲ್ಲಿ ಮುರಿದ ಕಾಲಿನ ಕಟ್ಟು ಬಿಚ್ಚಿದರು. ಜನವರಿಯಲ್ಲಿ ಪರಿಸ್ಥಿತಿ ತಿರುಗಿತು: ಎಡಗಾಲಿನ ಗೊರಸು ಮತ್ತೆ ಕೆಟ್ಟಿತು, ಬಲಗಾಲಿನಲ್ಲಿ ಕೀವು ತುಂಬಿತು, ಕೊನೆಗೆ ಎರಡೂ ಮುಂಗಾಲುಗಳಿಗೆ ಲ್ಯಾಮಿನೈಟಿಸ್ ಬಂತು. ಊರಲು ಒಂದು ಒಳ್ಳೆಯ ಕಾಲೂ ಉಳಿಯಲಿಲ್ಲ. ಒಂದು ರಾತ್ರಿ ಅದು ನಿಲ್ಲಲೂ ಆಗದೆ, ಮಲಗಲೂ ಆಗದೆ ಸಂಕಟಪಟ್ಟಿತು. 2007ರ ಜನವರಿ 29ರ ಬೆಳಿಗ್ಗೆ ಅದರ ಬದುಕನ್ನು ಮುಗಿಸಿದರು.

ಇದನ್ನು ಓದುವ ನಮ್ಮಲ್ಲಿ ಹಲವರಿಗೆ ಆ ಕೊನೆಯ ನಿರ್ಧಾರ ಒಪ್ಪಿಗೆಯಾಗದೆಂದು ನಾನು ಬಲ್ಲೆ. ಹಟ್ಟಿಯಲ್ಲಿ ಎತ್ತು ಬಿದ್ದರೆ ಮಗ್ಗುಲು ತಿರುಗಿಸಿ, ಬಾಯಿಗೆ ಗಂಜಿ ಹೊಯ್ದು, ಅದರ ಪಾಡಿಗೆ ಅದು ಹೋಗುವವರೆಗೆ ಕಾಯುವ ಮನೆಗಳಿಂದ ಬಂದವರು ನಾವು. ಜೀವ ತೆಗೆಯಲು ನಾವ್ಯಾರು ಎಂಬ ಪ್ರಶ್ನೆಯಲ್ಲಿ ನಿಜವಾದ ಭಯಭಕ್ತಿ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಂ, ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭದಲ್ಲಿ ಪ್ರಾಣಿಯ ಸಾವಿಗೆ ಅವಕಾಶ ಕೊಡುತ್ತದೆಯಾದರೂ, ಮನಸ್ಸು ಕಾನೂನಿನಷ್ಟು ಸುಲಭವಾಗಿ ಒಪ್ಪುವುದಿಲ್ಲ. 2016ರ ಮಾರ್ಚ್ 14ರಂದು ಡೆಹ್ರಾಡೂನಿನ ಪ್ರತಿಭಟನೆಯೊಂದರ ಗಲಾಟೆಯಲ್ಲಿ ಉತ್ತರಾಖಂಡ ಪೊಲೀಸ್ ಇಲಾಖೆಯ ಶಕ್ತಿಮಾನ್ ಎಂಬ ಬಿಳಿ ಕುದುರೆ ಹಿಂಗಾಲು ಮುರಿದುಕೊಂಡಾಗ, ದೇಶದ ಸಿಟ್ಟು ಮತ್ತು ಕರುಣೆ ಎರಡೂ ಅದರ ಮೇಲೆ ಹರಿದವು. ಕಾಲು ಕತ್ತರಿಸಿದರು, ಕೃತಕ ಕಾಲು ತರಿಸಿ ತೊಡಿಸಿದರು, ಅದು ಮತ್ತೆ ಎದ್ದು ನಿಂತ ಚಿತ್ರಗಳನ್ನು ನಾವೆಲ್ಲ ಹಂಚಿಕೊಂಡೆವು. ಏಪ್ರಿಲ್ 20ರಂದು ಅದು ಸತ್ತಿತು. ಆ ವೈದ್ಯರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಕ್ಯಾಮೆರಾಗಳ ಮುಂದೆ ಇಡೀ ದೇಶವೇ ಒಂದು ಪ್ರಾಣಿ ಬದುಕಲೇಬೇಕೆಂದು ಹಟ ಹಿಡಿದಾಗ, ಇನ್ನು ಸಾಕು ಎಂದು ಹೇಳುವ ಧೈರ್ಯ ಯಾವ ವೈದ್ಯರಿಗೆ ಬರುತ್ತದೆ? ಜಾಕ್ಸನ್ ದಂಪತಿಗೆ ಆ ಧೈರ್ಯ ಬಂತು, ಅದೂ ಗಜ್ಜರಿಯ ರಾಶಿಗಳ ನಡುವೆ. ನನ್ನ ಮಟ್ಟಿಗೆ ಅವರ ಪ್ರೀತಿಯ ಅತಿ ಕಷ್ಟದ ಪಾಲು ಅದು.

ಅವರದು ಬರೀ ಪ್ರೀತಿಯೇ, ದುಡ್ಡಿನ ಲೆಕ್ಕ ಇರಲಿಲ್ಲವೇ ಎಂಬ ಪ್ರಶ್ನೆಯನ್ನೂ ಪಕ್ಕಕ್ಕೆ ಸರಿಸಬಾರದು. ಡರ್ಬಿ ಗೆದ್ದ ಗಂಡು ಕುದುರೆಗೆ ಓಟಕ್ಕಿಂತ ತಳಿಯಲ್ಲಿ ಹೆಚ್ಚು ಬೆಲೆ. ಥರೋಬ್ರೆಡ್ ಎಂಬ ಈ ಓಟದ ತಳಿಯ ಕುದುರೆಗಳಿಗೆ ಕೃತಕ ಗರ್ಭಧಾರಣೆಗೆ ಅನುಮತಿಯಿಲ್ಲ, ನೈಸರ್ಗಿಕವಾಗಿ ಕೂಡಿ ಹುಟ್ಟಿದ ಮರಿಗೆ ಮಾತ್ರ ನೋಂದಣಿ. ಆದ್ದರಿಂದ ಹೆಣ್ಣನ್ನು ಏರುವಾಗ ಭಾರ ಹೊರುವ ಹಿಂಗಾಲುಗಳೇ ಕೋಟಿಗಟ್ಟಲೆ ಹಣದ ಆಧಾರ. ಜಾಕ್ಸನ್ ದಂಪತಿ ಹಣದ ಮಾತನ್ನು ಮುಂದೆ ಮಾಡಿದ್ದನ್ನು ನಾನು ಎಲ್ಲೂ ಓದಿಲ್ಲ, ಅವರ ಪ್ರಾಮಾಣಿಕತೆಯನ್ನು ನಂಬುತ್ತೇನೆ. ಉದ್ಯಮದ ಮಾತು ಬೇರೆ. ಬಾರ್ಬಾರೊ ಡರ್ಬಿ ಗೆದ್ದ ದಿನವೇ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ 2000 ಗಿನೀಸ್ ಎಂಬ ಓಟ ಗೆದ್ದ ಜಾರ್ಜ್ ವಾಷಿಂಗ್ಟನ್ ಎಂಬ ಕುದುರೆಯೂ ಇದೇ ದಂಪತಿ ಬೆಳೆಸಿ ಮಾರಿದ್ದು. ಹೊಸ ಮಾಲೀಕರು ಅದನ್ನು ತಳಿಗೆ ಕಳಿಸಿದರು, ಸಾಕಷ್ಟು ಮರಿಗಳಾಗಲಿಲ್ಲ, ಹಾಗಾಗಿ ಮತ್ತೆ ಓಟಕ್ಕೆ ತಂದರು. 2007ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಮನ್‌ಮತ್ ಪಾರ್ಕಿನ ಕೆಸರು ಟ್ರ್ಯಾಕಿನಲ್ಲಿ ಅದರ ಮುಂಗಾಲು ಮುರಿಯಿತು, ಅಲ್ಲೇ ಪ್ರಾಣ ಹೋಯಿತು. ಒಂದೇ ಮನೆಯಲ್ಲಿ ತಳಿ ಪಡೆದು, ಒಂದೇ ದಿನ ಎರಡು ದೇಶಗಳಲ್ಲಿ ಗೆದ್ದ ಎರಡು ಕುದುರೆಗಳು ಆ ಗೆಲುವಿಗೆ ಎರಡು ವರ್ಷ ತುಂಬುವ ಮೊದಲೇ ಕಾಲು ಮುರಿದುಕೊಂಡು ಸತ್ತವು ಎಂಬುದನ್ನು ಬಾರ್ಬಾರೊ ಅಭಿಮಾನಿಗಳಲ್ಲಿ ಎಷ್ಟು ಜನ ನೆನೆಯುತ್ತಾರೋ.

ಹೆಸರಿಲ್ಲದ ಕುದುರೆಗಳ ಪಾಡು ಇನ್ನೂ ಬೇಗ ಮುಗಿಯುತ್ತದೆ. ವಾರದ ನಡುವಿನ ಸಣ್ಣ ಓಟದಲ್ಲಿ ಇದೇ ಎಲುಬು ಮುರಿದರೆ ಸುತ್ತ ಪರದೆ ಹಿಡಿದು ಚುಚ್ಚುಮದ್ದು ಕೊಡುತ್ತಾರೆ. ಬಹಳ ಸಲ ಅದೇ ಸರಿಯಾದ ಕ್ರಮ ಕೂಡ, ಏಕೆಂದರೆ ಬಾರ್ಬಾರೊಗೆ ಸಿಕ್ಕ ಚಿಕಿತ್ಸೆ ಎಲ್ಲರಿಗೂ ಸಿಕ್ಕಿದರೂ ಎಲ್ಲವೂ ಉಳಿಯುವುದಿಲ್ಲ. ಹಾಗಾಗಿ ನಮ್ಮ ಕಾಳಜಿ ಆಸ್ಪತ್ರೆಯ ಬಾಗಿಲಲ್ಲಿ ಶುರುವಾದರೆ ತಡವಾಯಿತೆಂದೇ ಅರ್ಥ. ಓಟದಲ್ಲಿ ಥಟ್ಟನೆ ಮುರಿಯುವ ಎಲುಬಿನಲ್ಲಿ ಅನೇಕ ವೇಳೆ ವಾರಗಟ್ಟಲೆ ಮೊದಲೇ ಸಣ್ಣ ಸಣ್ಣ ಬಿರುಕುಗಳು ಬಿಟ್ಟಿರುತ್ತವೆ ಎಂಬುದು ಈಗ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಓಟದ ಸಾವುಗಳನ್ನು ಲೆಕ್ಕವಿಡಲು ಶುರುಮಾಡಿದ ಮೇಲೆ, 2009ರಲ್ಲಿ ಕುದುರೆಗಳು ಓಟಕ್ಕಿಳಿದ ಪ್ರತಿ ಸಾವಿರ ಸಲಕ್ಕೆ 2 ಇದ್ದ ಸಾವು 2023ರ ವೇಳೆಗೆ 1.32ಕ್ಕೆ ಇಳಿಯಿತು, ಟ್ರ್ಯಾಕಿನ ಮೇಲ್ಮೈಯ ನಿರ್ವಹಣೆ, ಓಟಕ್ಕೆ ಮೊದಲು ಕಾಲುಗಳ ತಪಾಸಣೆ, ನೋವು ಮರೆಸುವ ಔಷಧಗಳ ಮೇಲಿನ ಬಿಗಿ ನಿಯಮ ಇವೆಲ್ಲವುಗಳ ಮೇಲೆ ಒಟ್ಟಾಗಿ ನಡೆದ ಕೆಲಸ ಅದು. ಪತ್ರಿಕೆಯ ಮುಖಪುಟಕ್ಕೆ ಬರುವಂಥ ಕೆಲಸವಲ್ಲ, ಯಾರೂ ಅದಕ್ಕೆ ಹೂ ಕಳಿಸುವುದಿಲ್ಲ.

ನಮ್ಮಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ರೇಸ್ ನಡೆಯುತ್ತದೆ. ಕುಣಿಗಲ್ಲಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಕುದುರೆ ಸಾಕುವ ಕೆಲಸ ನಡೆದು ಬಂದಿದೆ. ಈ ಲಾಯಗಳಲ್ಲಿ ಕುದುರೆಯೊಂದಿಗೆ ದಿನವಿಡೀ ಇರುವವನು ಮಾಲೀಕನೂ ಅಲ್ಲ, ಬಾಜಿ ಕಟ್ಟುವವನೂ ಅಲ್ಲ, ಕುದುರೆಯ ಆರೈಕೆ ಮಾಡುವ ಸೈಸ್. ನಸುಕಿನಲ್ಲಿ ಮೈ ತಿಕ್ಕುವಾಗ ಕಾಲಿನ ಗಂಟು ನಿನ್ನೆಗಿಂತ ಬಿಸಿಯಾಗಿದೆ ಎಂದು ಅಂಗೈಯಲ್ಲಿ ಮೊದಲು ತಿಳಿಯುವುದು ಅವನಿಗೆ. ಮೇವು ಅರ್ಧ ಬಿಟ್ಟದ್ದು, ಒಂದು ಕಾಲನ್ನು ಪದೇ ಪದೇ ಸಡಿಲ ಬಿಡುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಯಂತ್ರಗಳು ಬರಲಿ, ಎಕ್ಸ್‌ರೇ ಬರಲಿ, ಬೇಡವೆನ್ನುವುದಿಲ್ಲ. ಆದರೆ ಎಲ್ಲ ರೇಸ್ ಕ್ಲಬ್‌ಗಳೂ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ: ಈ ಕುದುರೆ ಇವತ್ತು ಓಡಬಾರದು ಎಂದು ಸೈಸ್ ಕ್ಲಬ್ಬಿನ ವೈದ್ಯರಿಗೆ ನೇರವಾಗಿ ಹೇಳಲು ಬರಹದಲ್ಲಿ ಹಕ್ಕು ಕೊಡುವುದು, ಹಾಗೆ ಹೇಳಿದ್ದಕ್ಕಾಗಿ ಅವನ ಕೆಲಸ ಹೋಗದಂತೆ ನೋಡಿಕೊಳ್ಳುವುದು, ಅವನು ಹೇಳಿದ ದಿನ ವೈದ್ಯರು ಬಂದು ನೋಡುವವರೆಗೆ ಆ ಕುದುರೆಯನ್ನು ಗೇಟಿಗೆ ಕರೆದೊಯ್ಯದಿರುವುದು. ಹಾಗೆ ನಿಲ್ಲಿಸಿದ ಕುದುರೆಗಳಲ್ಲಿ ಕೆಲವು ಓಡಬಹುದಾಗಿದ್ದವೇ ಎಂದು ತಿಳಿದು ಮಾಲೀಕರಿಗೆ ಒಂದು ದಿನದ ನಷ್ಟವಾದೀತು, ಬಾಜಿದಾರರು ಗೊಣಗಿಯಾರು. ಆ ನಷ್ಟವನ್ನು ಹೊರಲು ಒಪ್ಪದ ಕ್ಲಬ್ಬುಗಳು ಕುದುರೆಯ ಮೇಲಿನ ಪ್ರೀತಿಯ ಮಾತನ್ನು ತಮ್ಮ ಜಾಹೀರಾತಿನಲ್ಲಿ ಬಳಸದಿದ್ದರೆ ಒಳ್ಳೆಯದು.