ಗೇಮಿಂಗ್ ಲ್ಯಾಪ್‌ಟಾಪ್ ಎಲ್ಲರಿಗೂ ಬೇಕೇ? ಒಂದು ಸ್ಪಷ್ಟನೆ

‘ಯಾವ ಕೆಲಸಕ್ಕಾದರೂ ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳಿ, ಅಗ್ಗದ ಹಗುರ ಲ್ಯಾಪ್‌ಟಾಪ್ ಎರಡೇ ವರ್ಷದಲ್ಲಿ ನಿಧಾನವಾಗುತ್ತದೆ’ ಎಂಬ ಸಲಹೆ ಹರಿದಾಡುತ್ತಿದೆ. ಇದು ಸರಿಯಲ್ಲ. ಇದನ್ನು ನಂಬಿ ವಿದ್ಯಾರ್ಥಿಗಳು ಸಾಲ ಮಾಡುವುದನ್ನು ಕಂಡು ಬೇಸರವಾಗಿ ಬರೆಯುತ್ತಿದ್ದೇನೆ.

ಬರವಣಿಗೆ, ಬ್ರೌಸರ್, ಆನ್‌ಲೈನ್ ತರಗತಿಯಂತಹ ಕೆಲಸಗಳ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಪ್ರೊಸೆಸರ್, ರ‍್ಯಾಮ್ (ತೆರೆದಿರುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ಮತ್ತು ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ವೇಗದ ಸಂಗ್ರಹ). ಗೇಮಿಂಗ್ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಪಡೆಯುವ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ (ತೆರೆಯ ಮೇಲೆ ಚಿತ್ರ ಮೂಡಿಸುವ ಚಿಪ್) ಇಲ್ಲಿ ಬಹುತೇಕ ಸುಮ್ಮನೆ ಕುಳಿತಿರುತ್ತದೆ. 16 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಇಂತಹ ಕೆಲಸಕ್ಕೆ ಹಲವು ವರ್ಷ ಸಾಕು. ಆದರೆ ಹಗುರ ಮಾದರಿಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ (ಒಳಗಿನ ಮುಖ್ಯ ಫಲಕಕ್ಕೇ) ಬೆಸೆದಿರುವುದು ಹೆಚ್ಚು. ಹಾಗಾಗಿ 8 ಜಿಬಿಗೆ ತೃಪ್ತರಾದರೆ ಆಮೇಲೆ ಏರಿಸಲಾಗದು. ನಿಧಾನವಾಗುತ್ತದೆ ಎಂಬ ದೂರಿನ ಮೂಲ ಬಹಳ ಸಲ ಇದೇ.

ಹೊರುವ ಭಾರವನ್ನೂ ಮರೆಯಬಾರದು. ಗೇಮಿಂಗ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ 2 ಕಿಲೋ ದಾಟುತ್ತದೆ, ಚಾರ್ಜರಿನ ತೂಕ ಬೇರೆ. ಚಾರ್ಜರ್ ತೆಗೆದರೆ ಅದರ ಗ್ರಾಫಿಕ್ಸ್ ಶಕ್ತಿಯೂ ಗಣನೀಯವಾಗಿ ಕುಗ್ಗುತ್ತದೆ, ಏಕೆಂದರೆ ಆ ಚಿಪ್ ಕೇಳುವಷ್ಟು ವಿದ್ಯುತ್ತನ್ನು ಬ್ಯಾಟರಿ ಕೊಡಲಾರದು.

ತ್ರೀಡಿ ವಿನ್ಯಾಸ, ಭಾರಿ ವಿಡಿಯೊ ಸಂಕಲನ, ಹೊಸ ಆಟಗಳು ನಿಮ್ಮ ದಿನಚರಿಯಾಗಿದ್ದರೆ ಖಂಡಿತ ಗೇಮಿಂಗ್ ಯಂತ್ರವನ್ನೇ ಕೊಳ್ಳಿ. ಆಗಲೂ ಚಿಪ್ಪಿನ ಹೆಸರನ್ನಷ್ಟೇ ನೋಡಬೇಡಿ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ 35ರಿಂದ 115 ವ್ಯಾಟ್‌ವರೆಗೆ ಬೇರೆಬೇರೆ ವಿದ್ಯುತ್ ಮಿತಿಗಳಲ್ಲಿ ಬರುತ್ತದೆ; ಮಿತಿ ತೀರಾ ಕಡಿಮೆಯಿದ್ದರೆ ಅದರ ಶಕ್ತಿಯೂ ಕಡಿಮೆ. ಕೊಳ್ಳುವ ಮೊದಲು ಆ ಅಂಕಿಯನ್ನು ಕೇಳಿ ತಿಳಿದುಕೊಳ್ಳಿ.